ಬಾವು ಏಳದ ಮುಂಗೈ

ಕಮಲಾಪುರದ ನರ್ಸ್ ಸಾಬಮ್ಮ, ಕಲಬುರಗಿಯ ಡಾಕ್ಟರರ ತೀರ್ಪನ್ನು ಒಪ್ಪದೆ ನಾಲ್ಕು ವರ್ಷದ ಮಗುವೊಂದನ್ನು ಮತ್ತೆ ಅದೇ ದವಾಖಾನೆಗೆ ಹೊತ್ತುಕೊಂಡು ಹೋದದ್ದು 1988ರ ಮಾರ್ಚಿನಲ್ಲಿ. ಅದನ್ನು ಬರೆಯುವುದು ನನಗೆ ಹೆಮ್ಮೆ. ಹದಿನೈದು ವರ್ಷ ಯಾರೂ ಬರೆಯಲಿಲ್ಲವಲ್ಲ ಎಂಬುದು ಸಿಟ್ಟು. ಆರೋಗ್ಯ ದಿನಾಚರಣೆಯಲ್ಲಿ ದೀಪ ಹಚ್ಚಿದವರ ಫೋಟೋ ಮಾತ್ರ ನಮ್ಮ ಪತ್ರಿಕೆಗಳಿಗೆ ವರ್ಷವರ್ಷವೂ ತಪ್ಪದೆ ಸಿಗುತ್ತದೆ.

ಸಾಬಮ್ಮನ ತಂದೆ ಕೆಂಪು ಬಾಳೆಯ ತೋಟಗಳಲ್ಲಿ ಕೂಲಿ ಮಾಡಿದವರು, ಬುದ್ಧನ ದೀಕ್ಷೆ ಪಡೆದವರು, ಮಗಳನ್ನು ಹಟ ಹಿಡಿದು ಓದಿಸಿದವರು. ಮಗಳ ಕೆಲಸಗಳಲ್ಲಿ ಕ್ಷಯದ ಸೂಜಿ ಪರೀಕ್ಷೆಯೂ ಒಂದು. ಕ್ಷಯದ ರೋಗಾಣುವಿನಿಂದ ತೆಗೆದ ಸತ್ವವನ್ನು ಮುಂಗೈಗೆ ಚುಚ್ಚಿ, ಮೂರನೆಯ ದಿನ ಬಾವು ಅಳೆಯುವುದು. ಬಾವು ಎದ್ದರೆ ಕ್ಷಯದ ರೋಗಾಣು ಒಳಹೊಕ್ಕಿದೆ, ಏಳದಿದ್ದರೆ ಇಲ್ಲ ಎಂಬುದು ಅವರಿಗೆ ಕಲಿಸಿದ ಪಾಠ.

ಆ ಪಾಠ ಪೂರ್ತಿ ನಿಜವಲ್ಲ ಎಂಬುದು ಹಿಂದಿನ ವರ್ಷವೇ ಅವರ ಕಣ್ಣಿಗೆ ಬಿದ್ದಿತ್ತು. ತಾವೇ ಹದಿನಾಲ್ಕು ಮಿಲಿಮೀಟರ್ ಅಳೆದಿದ್ದ ಹುಡುಗಿಯೊಬ್ಬಳ ಕೈ, ದಡಾರ ಬಂದುಹೋದ ಮೇಲೆ ಚುಚ್ಚಿದರೆ ಸಪಾಟು. ಎರಡು ತಿಂಗಳ ನಂತರ ಮತ್ತೆ ಬಾವು! ತರಬೇತಿಯಲ್ಲಿ ಕೇಳಿದರೆ, "ನೀವೇ ಸೂಜಿ ತಪ್ಪು ಹಾಕಿರಬೇಕು" ಎಂದು ಕಲಿಸುವವರು ನಕ್ಕರು. ನಗದೆ ಕೇಳಿಸಿಕೊಂಡವರು ಕಲಬುರಗಿ ಕೋಟೆಯ ಹತ್ತಿರ ಮನೆಯಿದ್ದ ಲ್ಯಾಬ್ ಟೆಕ್ನಿಷಿಯನ್ ಅಲ್ಲಾವುದ್ದೀನ್ ಒಬ್ಬರೇ.

"ಸಾಬಮ್ಮ ಬಾಯಿ, ತಪ್ಪು ನಿಮ್ಮ ಕೈದಲ್ಲ. ಯುರೋಪಿನ ಡಾಕ್ಟರ್ ಒಬ್ಬಾಂವ ಎಂಬತ್ತ ವರ್ಷದ ಹಿಂದೇ ಇದನ್ನ ಬರದಿಟ್ಟಾನ. ನಮ್ಮವರು ಕಿತಾಬ್ ತೆಗದ್ರಲ್ಲ, ಗೊತ್ತಾಗೋದು!"

1988ರ ಮಾರ್ಚಿನಲ್ಲಿ ಕಮಲಾಪುರದ ಕಾಶಿರಾಯ ಎಂಬ ಕೂಲಿಯವ ಕ್ಷಯದಿಂದ ಕಲಬುರಗಿಯ ದವಾಖಾನೆ ಸೇರಿದ. ಮಗಳು ಯಮನಮ್ಮನಿಗೂ ಜ್ವರ, ದಿನೇ ದಿನೇ ಸೊರಗುತ್ತಿದ್ದಳು. ಅಲ್ಲಿಯ ಎಳೆಯ ಡಾಕ್ಟರ್ ಸೂಜಿ ಹಾಕಿಸಿದ. ಮೂರನೆಯ ದಿನ ಕೈ ಸಪಾಟಾಗಿತ್ತು. 'ಕ್ಷಯ ಇಲ್ಲ' ಎಂದು ಬರೆದು, ಟಾನಿಕ್ ಕೊಟ್ಟು ಕಳಿಸಿದ. ತಾಯಿ ಮಲ್ಕಮ್ಮ ಊರಿಗೆ ಮರಳಿದ ದಿನವೇ ಸಾಬಮ್ಮ ಅವಳ ಮನೆಗೆ ಹೋದರು.

"ಡಾಕ್ಟರ್ ಏನ ಕೇಳಿದ್ರು?"

"ಮದಲ ಏನರೆ ರೋಗ ಬಂದಿತ್ತೇನು ಅಂದ್ರು. ಇಲ್ರೀ ಅಂದೆ."

ಸಾಬಮ್ಮ ಕೂಸಿನ ಸಿಪ್ಪೆ ಏಳುತ್ತಿದ್ದ ಮೈ ನೋಡಿದರು. ಗದರಲಿಲ್ಲ. "ತಾಯಿ ಉಡಿ ತುಂಬೀದಿ ಏನವ್ವ?"

"ಇನ್ನಾ ಇಲ್ರೀ ಅಕ್ಕಾ. ನಮ್ಮ ಮನಿಯವರು ದವಾಖಾನ್ಯಾಗ ಅದಾರಲ್ಲ, ಅವರು ಬಂದ ಮ್ಯಾಲ ತುಂಬಬೇಕು."

"ತಾಯಿ ಬಂದು ಎಷ್ಟ ದಿನ ಆತು?"

"ಇಪ್ಪತ್ತ ದಿನ ಆಗಿರಬೇಕ್ರೀ."

ಈ ಮನೆಗಳಲ್ಲಿ ದಡಾರವೆಂದರೆ ತಾಯಿ, ಅಂದರೆ ದೇವಿ, ಬಂದಂತೆ. ಉಡಿ ತುಂಬಿ ಕಳಿಸುವವರೆಗೆ ಅದನ್ನು ರೋಗ ಎನ್ನುವಂತಿಲ್ಲ. ಮಲ್ಕಮ್ಮ ಸುಳ್ಳು ಹೇಳಿರಲಿಲ್ಲ. ಅಜ್ಞಾನ ಇದ್ದದ್ದು ಡಾಕ್ಟರನ ಪ್ರಶ್ನೆಯಲ್ಲಿ. ಸಾಬಮ್ಮನ ಮನೆಯಲ್ಲಿ ಆ ದೇವಿಗೆ ಪೂಜೆಯಿಲ್ಲ, ಆದರೆ ಕೇಳುವ ರೀತಿ ಅವರಿಗೆ ಗೊತ್ತಿತ್ತು.

ದಡಾರಕ್ಕೂ ಮುಂಗೈಗೂ ಏನು ಸಂಬಂಧ? ನಮ್ಮ ರಕ್ತದ ಕಾವಲು ಕಣಗಳಿಗೆ ಬಾಯಿಲ್ಲ. ಶತ್ರುವನ್ನು ಗುರುತಿಸಿದ ಕಣ ಒಂದು ರಾಸಾಯನಿಕವನ್ನು ಸೂಸುತ್ತದೆ. ಅದು ತಾಗಿದ ಕಣಗಳು ಎಚ್ಚೆತ್ತು ಅಲ್ಲಿಗೆ ಧಾವಿಸುತ್ತವೆ. ಮುಂಗೈಯ ಬಾವು ಹೀಗೆ ಕೂಡಿದ ಗುಂಪು. ದಡಾರದ ವೈರಸ್ ಈ ಕಾವಲು ಕಣಗಳನ್ನೇ ಹೊಕ್ಕು, ಕೂಗಿ ಕರೆಯುವ ಆ ರಾಸಾಯನಿಕವನ್ನು ಕುಗ್ಗಿಸುತ್ತದೆ. ಸಿಡುಬಿನ ಬಳಗದ ವೈರಸ್ಸುಗಳದು ಇನ್ನೊಂದು ಕಪಟ: ಕಣಗಳ ಕಿವಿಯಂತಿರುವ ನಕಲಿ ವಸ್ತು ತಯಾರಿಸಿ, ಕರೆಯನ್ನು ದಾರಿಯಲ್ಲೇ ಹೀರಿಬಿಡುತ್ತವೆ. ದಡಾರದ ಗುಳ್ಳೆ ಮಾಸಿದರೂ ಒಳಗಿನ ಮೌನ ವಾರಗಟ್ಟಲೆ ಉಳಿಯುತ್ತದೆ. ಕ್ಷಯಕ್ಕೆ ಅದೇ ಸುಗ್ಗಿ. ಯಮನಮ್ಮನ ಕೈ ಸಪಾಟಾಗಿದ್ದದ್ದು ಕ್ಷಯ ಇಲ್ಲದ್ದಕ್ಕಲ್ಲ, ಕೂಗುವವರಿಲ್ಲದ್ದಕ್ಕೆ.

ಮರುದಿನ ಬೆಳಗಿನ ಬಸ್ಸಿಗೆ ಮೂವರೂ ಕಲಬುರಗಿಗೆ ಹೊರಟರು.

"ಟೆಸ್ಟ್ ನೆಗೆಟಿವ್ ಅದ," ಎಂದ ಡಾಕ್ಟರ್. "ನೀವೇನ್ ಎಂ.ಬಿ.ಬಿ.ಎಸ್. ಮಾಡೀರೇನು?"

"ಇಲ್ರೀ ಸರ್. ದಡಾರ ಬಂದ ಇಪ್ಪತ್ತ ದಿನಾನೂ ಆಗದ ಕೂಸಿನ ಕೈಗೆ ಚುಚ್ಚೀರಿ. ಬಾವು ಹ್ಯಾಂಗ ಏಳತದ?"

"ಹಂಗಾದ್ರ ಆರು ವಾರ ಬಿಟ್ಟು ಕರಕೊಂಡ ಬರ್ರಿ. ಮತ್ತ ಚುಚ್ಚೋಣ."

"ಆರು ವಾರ ನಿಮಗದಾವ, ನನಗದಾವ. ಈ ಕೂಸಿಗಿಲ್ಲ. ಎಕ್ಸ್-ರೇ ತೆಗಸ್ರಿ."

ತೆಗೆಸುವವರೆಗೆ ಸಾಬಮ್ಮ ಬೆಂಚು ಬಿಟ್ಟು ಏಳಲಿಲ್ಲ. ಪುಪ್ಪಸದಲ್ಲಿ ನೆರಳು ಕಂಡಿತು. ದಡಾರದ ನಿಮೋನಿಯಾ ಇದ್ದರೂ ಇರಬಹುದು ಎಂದು ಡಾಕ್ಟರ್ ಅನುಮಾನಿಸಿದ. ತಂದೆ ಇದೇ ದವಾಖಾನೆಯಲ್ಲಿ ಕ್ಷಯದಿಂದ ಮಲಗಿದ್ದಾನೆ ಎಂದು ಸಾಬಮ್ಮ ನೆನಪಿಸಿದರು. ಕೊನೆಗೆ ಕ್ಷಯದ ಔಷಧಿ ಬರೆದ, ಸಿಟ್ಟಿನಿಂದಲೇ.

"ಆರು ವಾರದ ಮ್ಯಾಲೂ ಕೈ ಸಪಾಟ ಇದ್ರ ಔಷಧಿ ನಿಲ್ಲಸ್ತೀನಿ. ನಿಮ್ಮ ಮ್ಯಾಲ ರಿಪೋರ್ಟ್ ಬರೀತೀನಿ."

"ಬರೀರಿ. ಹೆಸರು ಸಾಬಮ್ಮ. ತಪ್ಪಿಲ್ಲದಂಗ ಬರೀರಿ."

ಆರು ವಾರವೂ ಅವರು ದಿನಾ ಹೋಗಿ ಕೂಸಿಗೆ ತಾವೇ ಗುಳಿಗೆ ನುಂಗಿಸಿದರು. ಏಪ್ರಿಲ್ ಕೊನೆಗೆ ಮತ್ತೆ ಸೂಜಿ ಹಾಕಿದರು. ಮೂರನೆಯ ದಿನ ಮಲ್ಕಮ್ಮ ದವಾಖಾನೆಯ ವರಾಂಡದಲ್ಲೇ ಅಳಲು ಶುರುಮಾಡಿದಳು.

"ಯಕ್ಕಾ, ಕೈ ಬಾತದ! ನನ್ನ ಕೂಸಿಗಿ ಏನಾತು?"

"ಸುಮ್ಕಿರ ಹುಚ್ಚಿ! ಆಕಿ ರಕ್ತ ಮತ್ತ ಒದರಾಕತ್ತದ, ಅದಕ್ಕ ಬಾತದ."

ಡಾಕ್ಟರ್ ಎರಡು ಸಲ ಅಳೆದ. ಹದಿನಾರು ಮಿಲಿಮೀಟರ್. 'ಕ್ಷಯ ಇಲ್ಲ' ಎಂಬ ತನ್ನದೇ ಬರಹವನ್ನು ತಾನೇ ಹೊಡೆದು ಹಾಕಿದ. ಅಷ್ಟರ ಮಟ್ಟಿಗೆ ಅವನೂ ದೊಡ್ಡವನೇ ಎನ್ನಬೇಕು. ಆದರೆ ಆ ಕಾಗದದಲ್ಲಿ ಸಾಬಮ್ಮನ ಹೆಸರಿಲ್ಲ. ರಿಪೋರ್ಟ್ ಬರೆಯಲು ಬೇಕಾಗಿದ್ದ ಹೆಸರು ಗೌರವಕ್ಕೆ ಬೇಕಾಗಲಿಲ್ಲ.

ಯಮನಮ್ಮನಿಗೆ ಈಗ ಹತ್ತೊಂಬತ್ತು. ಕಲಬುರಗಿಯ ಖೂಬಾ ಪ್ಲಾಟಿನ ಹೊಲಿಗೆ ಅಂಗಡಿಯೊಂದರಲ್ಲಿ ಕೆಲಸ. ಮೊನ್ನೆ ನಾನು ಕಮಲಾಪುರಕ್ಕೆ ಹೋದಾಗ ಮಲ್ಕಮ್ಮ, ನಿವೃತ್ತಿಗೆ ಹತ್ತಿರವಾದ ಸಾಬಮ್ಮನ ಮುಂದೆ ಕೂತು ಮಗಳ ಮೇಲೆ ದೂರು ಹೇಳುತ್ತಿದ್ದಳು.

"ಮನಿಗಿ ಬಂದಾಗೆಲ್ಲ ಜಗಳಾಡತಾಳ್ರೀ ಅಕ್ಕಾ. ಆಕಿ ದನಿ ಮೂರು ಓಣಿಗಿ ಕೇಳತದ!"

ಸಾಬಮ್ಮನ ಮುಖ ಅರಳಿತು. "ಕೇಳಲಿ ಬಿಡು. ಪುಪ್ಪಸ ಗಟ್ಟಿ ಅದಾವ."