ಇಬ್ಬರು ಮಹದೇವರು, ಒಂದು ಗಾಯ

ಹನೂರು ಹೊಸ ತಾಲ್ಲೂಕಾಗಿ ಒಂದು ವರ್ಷ ಕಳೆದಿತ್ತು. ಆಗ ನಾನು ಮಾಜಿ ಸೈನಿಕರ ಕಲ್ಯಾಣದ ಕಚೇರಿಯೊಂದರಲ್ಲಿ ಸಂಘಟಕನಾಗಿದ್ದೆ. ಹುದ್ದೆಯ ಹೆಸರು ದೊಡ್ಡದು, ಕೆಲಸ ಸಣ್ಣದು. ಪಿಂಚಣಿ ನಿಂತವರು, ಗಂಡನನ್ನು ಕಳೆದುಕೊಂಡವರು, ಸೈನ್ಯ ಬಿಡುವಾಗ ಕೊಡುವ ಡಿಸ್ಚಾರ್ಜ್ ಬುಕ್ಕಿನಲ್ಲಿ ಹುಟ್ಟಿದ ತಾರೀಖು ತಪ್ಪಾದವರು ಬರುತ್ತಿದ್ದರು. ಅವರ ಕಾಗದ ನೋಡಿ, ಅರ್ಜಿ ಬರೆದು, ಮೇಲಕ್ಕೆ ಕಳಿಸಿ, ಉತ್ತರಕ್ಕೆ ಕಾಯುವುದು ನನ್ನ ಪಾಲಿನದು. ಅದಕ್ಕೆ ಮುಂಚೆ ಸೈನ್ಯದಲ್ಲೇ ಕ್ಲರ್ಕ್ ಆಗಿ ಸೇರಿ ಸುಬೇದಾರನಾಗಿ ನಿವೃತ್ತನಾದವನು ನಾನು. ಊರು ಯಳಂದೂರು ತಾಲ್ಲೂಕಿನ ಅಗರ. ಅಲ್ಲಿ ಯಾರಾದರೂ "ಯುದ್ಧದಲ್ಲಿ ಏನ್ ಮಾಡ್ದಪ್ಪ?" ಎಂದು ಕೇಳಿದರೆ "ಟೈಪ್ ಮಾಡ್ದೆ" ಎನ್ನುತ್ತಿದ್ದೆ. ಸುಳ್ಳೇನಲ್ಲ.

ಪ್ರತಿ ಬುಧವಾರ ಕೊಳ್ಳೇಗಾಲದಲ್ಲಿ ಕೂರುತ್ತಿದ್ದೆ. ಅಂಥ ಒಂದು ಬುಧವಾರ ಧನಗೆರೆಯ ಮಹದೇವ ಬಂದರು. ಅರವತ್ತರ ಆಸುಪಾಸಿನ ಮನುಷ್ಯ, ಎಡಗಾಲು ಎಳೆದು ನಡೆಯುತ್ತಿದ್ದರು. ಕಂಕುಳಲ್ಲಿ ಎಕ್ಸ್-ರೇ ಕವರ್ ಇತ್ತು. ಸೊಂಟನೋವಿಗೆಂದು ಮೈಸೂರಿನ ಆಸ್ಪತ್ರೆಗೆ ಹೋಗಿದ್ದರಂತೆ. ಎಂ.ಆರ್.ಐ. ಯಂತ್ರದೊಳಗೆ ಮಲಗಿಸುವ ಮುನ್ನ ಮೈಯಲ್ಲಿ ಎಲ್ಲಾದರೂ ಲೋಹವಿದೆಯೇ ಎಂದು ಕೇಳುತ್ತಾರೆ. ಇವರು ತೊಡೆ ಮುಟ್ಟಿ ತೋರಿಸಿ, ಬಾಂಬಿನ ಚೂರಿದೆ ಎಂದರು. ಅಲ್ಲಿಯವರು ಡಿಸ್ಚಾರ್ಜ್ ಬುಕ್ ನೋಡಿದರು. ಅದರಲ್ಲಿ 'ವಾಹನ ಅಪಘಾತದ ಗಾಯ' ಎಂದಿತ್ತು. ಅನುಮಾನದಿಂದ ಎಕ್ಸ್-ರೇ ತೆಗೆದರೆ ತೊಡೆಯಲ್ಲಿ ಮೂರು ಚೂರು ಕಂಡವು.

"ಡಾಕುಟ್ರು ನಕ್ಬುಟ್ರು ಸಾ. ಯಾವ ಲಾರಿ ಒಳಗೆ ಬಾಂಬ್ ಇಟ್ಟಿದ್ರಪ್ಪ ಅಂದ್ರು" ಎಂದರು ಮಹದೇವ. ಅವರ ಮುಖದಲ್ಲಿ ನಗುವೂ ಇರಲಿಲ್ಲ, ಕೋಪವೂ ಇರಲಿಲ್ಲ.

ಕತೆ ಹೀಗಿತ್ತು. ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಸೈನ್ಯ ಶಾಂತಿಪಾಲನೆಗೆ ಶ್ರೀಲಂಕಾಕ್ಕೆ ಹೋಗಿತ್ತು. ಮಹದೇವರ ತುಕಡಿಯೂ ಹೋಯಿತು. ನಮ್ಮ ಗಡಿಸೀಮೆಯವರಿಗೆ ತಮಿಳು ಬರುತ್ತದಲ್ಲ, ಹಾಗಾಗಿ ಹಳ್ಳಿಗಳಲ್ಲಿ ಮಾತಾಡಿಸಲು ಇವರನ್ನು ಗಸ್ತಿನ ಮುಂದೆ ನಡೆಸುತ್ತಿದ್ದರು. ಮುಂದೆ ನಡೆದವರಿಗೆ ಮೊದಲು ನೆಲಬಾಂಬು ಸಿಗುತ್ತದೆ. ಇವರಿಗೆ ಸಿಕ್ಕಿತು. ಲಾರಿಯಲ್ಲಿ ಆಸ್ಪತ್ರೆಗೆ ಸಾಗಿಸಿದರು. ಆದರೆ ಯುದ್ಧದಲ್ಲಿ ಗಾಯವಾಯಿತೆಂದು ತುಕಡಿ ಕಳಿಸಬೇಕಾದ ವರದಿ ಇವರ ಹೆಸರಿನಲ್ಲಿ ಹೋಗಲೇ ಇಲ್ಲ. ಕೊನೆಗೆ ವೈದ್ಯಕೀಯ ಮಂಡಳಿ, ಲಾರಿಯಲ್ಲಿ ಬಂದವನು, ಕಾಲಿಗೆ ಪೆಟ್ಟು, ಅಂದರೆ ಅಪಘಾತವೇ ಇರಬೇಕು ಎಂದು ಬರೆದು ಮನೆಗೆ ಕಳಿಸಿತು.

ಊರಿಗೆ ಬಂದ ಹೊಸದರಲ್ಲಿ ಯಾರೋ ಆ ಪುಸ್ತಕವನ್ನು ಗಟ್ಟಿಯಾಗಿ ಓದಿದರು. ಅಂದಿನಿಂದ ಧನಗೆರೆಯಲ್ಲಿ ಅವರ ಹೆಸರು 'ಲಾರಿ ಮಾದೇವ'. ಕುಡಿದು ಲಾರಿಯಿಂದ ಬಿದ್ದ ಎಂಬ ಬಾಲವೂ ಸೇರಿಕೊಂಡಿತು.

"ಬ್ಯಾರೆ ಏನೂ ಬ್ಯಾಡ ಸಾ. ಲಾರಿ ಮಾದೇವ ಅಂತ್ಲೇ ಮಣ್ ಮಾಡ್ಬಾರ್ದು, ಅಷ್ಟೇಯ" ಎಂದರು.

ಶತ್ರುವಿನ ಗುಂಡಿಗೋ ಬಾಂಬಿಗೋ ನೇರವಾಗಿ ಸಿಕ್ಕಿ ಗಾಯಗೊಂಡವರಿಗೆ ಒಂದು ಪದಕವಿದೆ. ಹಿಂದೆ ಅದನ್ನು ಊಂಡ್ ಮೆಡಲ್ ಎನ್ನುತ್ತಿದ್ದರು, ಈಗ ಪರಾಕ್ರಮ ಪದಕ ಎನ್ನುತ್ತಾರೆ. ಸಾಹಸಕ್ಕೆ ಕೊಡುವುದಲ್ಲ, ರಕ್ತ ಹರಿದದ್ದಕ್ಕೆ ಕೊಡುವುದು. ಸೇವಾ ದಾಖಲೆಯಲ್ಲಿ ಅದೊಂದು ಸಾಲು ಸೇರಿದರೆ 'ಅಪಘಾತ' ಎನ್ನುವ ಸಾಲು ತಾನಾಗಿ ಬಿದ್ದುಹೋಗುತ್ತದೆ. ಎಕ್ಸ್-ರೇ, ವೈದ್ಯರ ಪತ್ರ, ಮಹದೇವರ ಹೇಳಿಕೆ ಸೇರಿಸಿ ದಾಖಲೆ ಕಚೇರಿಗೆ ಅರ್ಜಿ ಕಳಿಸಿದೆ. ಸೈನಿಕನ ಸೇವೆಯ ಜಾತಕವೆಲ್ಲ ಇರುವುದು ಅಲ್ಲಿ.

ಉತ್ತರ ಬಂತು. ಆ ದಿನ ಆ ತುಕಡಿಯಲ್ಲಿ ಗಾಯಗೊಂಡವನು ಮಹದೇವ, ತಂದೆ ಮಾದಪ್ಪ, ಕೊಳ್ಳೇಗಾಲ ತಾಲ್ಲೂಕು, ಮೈಸೂರು ಜಿಲ್ಲೆ. ಪದಕವನ್ನೂ ಕೊಟ್ಟಾಗಿದೆ. ಹೆಸರು, ತಂದೆ, ತಾಲ್ಲೂಕು ಎಲ್ಲ ಇವರದೇ. ಸೈನಿಕ ಸಂಖ್ಯೆ ಮಾತ್ರ ಬೇರೆ, ಊರು ಅಜ್ಜೀಪುರ.

ಬೆಟ್ಟದ ಮಾದಪ್ಪನಿಗೆ ನಡೆದುಕೊಳ್ಳುವ ಸೀಮೆ ನಮ್ಮದು. ಮನೆಗೊಬ್ಬ ಮಾದಪ್ಪ, ಅವನಿಗೊಬ್ಬ ಮಹದೇವ. ಸಂತೆಯಲ್ಲಿ ನಿಂತು 'ಮಾದೇವ' ಎಂದು ಕೂಗಿದರೆ ಅರ್ಧ ಸಂತೆ ತಿರುಗಿ ನೋಡುತ್ತದೆ. ಅಜ್ಜೀಪುರವಿರುವ ಹನೂರು ಸೀಮೆಯೆಲ್ಲ ಅಂದು ಕೊಳ್ಳೇಗಾಲ ತಾಲ್ಲೂಕಿಗೇ ಸೇರಿತ್ತು. ತುಕಡಿಯಲ್ಲಿದ್ದ ಉತ್ತರ ಭಾರತದ ಹವಾಲ್ದಾರನಿಗೆ ಇದೆಲ್ಲ ಎಲ್ಲಿಂದ ತಿಳಿಯಬೇಕು? ಅವನು ಇಬ್ಬರಿಗೂ 'ಕೊಳ್ಳೇಗಾಲ್ ಒನ್', 'ಕೊಳ್ಳೇಗಾಲ್ ಟೂ' ಎಂದು ಹೆಸರಿಟ್ಟಿದ್ದನಂತೆ. ಧನಗೆರೆಯವರು ಟೂ.

ಮುಂದಿನ ಬುಧವಾರ ಮಹದೇವರಿಗೆ ಇದನ್ನು ಹೇಳಿದೆ.

"ಅವ್ನೇ ಸಾ ನನ್ನ ಎಗಲ್ ಮೇಲೆ ಒತ್ಕಂಡ್ ಬಂದೋನು. ಗದ್ದೆ ಬಯಲಲ್ಲಿ ರೋಡ್ ಗಂಟ. ನನ್ ರಕ್ತ ಎಲ್ಲ ಅವನ್ ಮೈ ಮ್ಯಾಲೆ. ಆಸ್ಪತ್ರೇಲಿ ಅವನ್ನೇ ಮೊದ್ಲು ಮಲಗ್ಸಕ್ಕೆ ಓಗಿದ್ರಂತೆ."

ಈಗ ನನಗೆ ಅರ್ಥವಾಯಿತು. ಗಾಯಾಳುಗಳ ಪಟ್ಟಿ ಮಾಡಲು ಬಂದ ತುಕಡಿಯ ಕ್ಲರ್ಕ್ ಹೊಸಬನಿರಬೇಕು. ಬಾಗಿಲಲ್ಲಿ ರಕ್ತದಲ್ಲಿ ತೊಯ್ದು ನಿಂತ ಮಹದೇವನ ಹೆಸರು, ಸಂಖ್ಯೆ ಬರೆದುಕೊಂಡ. ಒಳಗೆ ಪ್ರಜ್ಞೆಯಿಲ್ಲದೆ ಮಲಗಿದ್ದ ಮಹದೇವನ ಹೆಸರು ಬಂದಾಗ, ಇದನ್ನು ಆಗಲೇ ಬರೆದಾಯಿತಲ್ಲ ಎಂದು ಸುಮ್ಮನಾದ.

ಅಜ್ಜೀಪುರದ ಮಹದೇವ ತೀರಿಕೊಂಡಿದ್ದಾರೆಂದು ಇವರಿಗೆ ಗೊತ್ತಿತ್ತು. "ಬ್ಯಾಡ ಬುಡಿ ಸಾ. ಸತ್ತೋನ್ ಮನೆಯಿಂದ ಕಿತ್ಕಳದಾ? ಅರ್ಜಿ ವಾಪಸ್ ತಕಳಿ" ಎಂದು ಎದ್ದು ಹೋದರು.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಇವತ್ತಿಗೂ ಹೇಳಲಾರೆ. ಅರ್ಜಿಯನ್ನು ವಾಪಸ್ ಪಡೆಯಲಿಲ್ಲ. ಬಸ್ಸು ಹತ್ತಿ ಅಜ್ಜೀಪುರಕ್ಕೆ ಹೋದೆ.

ಅಜ್ಜೀಪುರದ ಮಹದೇವರ ಹೆಂಡತಿ ದೊಡ್ಡತಾಯಮ್ಮ ಜಗುಲಿಯಲ್ಲಿ ಕುಳಿತು ಹುಣಸೆಹಣ್ಣು ಬಡಿಯುತ್ತಿದ್ದರು. ಗೋಡೆಯ ಮೇಲೆ ಗಂಡನ ಫೋಟೋ, ಅದರ ಪಕ್ಕ ಗಾಜಿನ ಫ್ರೇಮಿನಲ್ಲಿ ಪದಕ. ಬದುಕಿದ್ದಾಗ ಅವರು ಅದನ್ನು ಟ್ರಂಕಿನಿಂದ ಆಚೆಗೇ ತೆಗೆದಿರಲಿಲ್ಲವಂತೆ. ತಿಥಿಯ ದಿನ ಸಾಮಾನು ತೆಗೆಯುವಾಗ ಸಿಕ್ಕಿತು, ಊರವರು ಫ್ರೇಮ್ ಹಾಕಿಸಿದರು. ಅಂದಿನಿಂದ ಯುದ್ಧದಲ್ಲಿ ಗಾಯಗೊಂಡ ಸೈನಿಕನ ಹೆಂಡತಿ ಎಂದು ಸ್ವಾತಂತ್ರ್ಯ ದಿನದಂದು ಶಾಲೆಯಲ್ಲಿ ಬಾವುಟದ ಹಗ್ಗ ಎಳೆಯಲು ಇವರನ್ನೇ ಕರೆಯುತ್ತಿದ್ದರು. ನಾನು ಯಾತಕ್ಕೆ ಬಂದೆನೆಂದು ಹೇಳುವ ಮುಂಚೆ ಇಷ್ಟನ್ನು ಅವರೇ ಹೇಳಿದರು. ಆದರೂ ಹೇಳಿದೆ. ನಡೆದದ್ದು ನಡೆದ ಹಾಗೆ, ಹೊತ್ತುಕೊಂಡು ಬಂದದ್ದನ್ನೂ ಸೇರಿಸಿ.

ದೊಡ್ಡತಾಯಮ್ಮ ಹುಣಸೆ ಬಡಿಯುವುದನ್ನು ನಿಲ್ಲಿಸಲಿಲ್ಲ. ಬಡಿಯುತ್ತಲೇ ಕೇಳಿದರು.

"ಒತ್ಕಂಡ್ ಬಂದ್ರಾ ನಮ್ಮೋರು?"

"ಹೂಂ ಅಕ್ಕ. ಅವ್ರೇ ಹೇಳಿದ್ದು."

"ನಂಗೊಂದ್ ಮಾತ್ ಏಳ್ನಿಲ್ಲ ನೋಡಿ." ಕೊಡತಿಯನ್ನು ಪಕ್ಕಕ್ಕಿಟ್ಟರು. "ಗಾಯ ಆಗಿತ್ತು ಅಂತ ಊರೋರು ಅಂದಾಗ್ಲೇ ನಂಗೆ ಅನ್ಮಾನ ಸಾ. ದೀಪಾವಳಿ ದೀಪಾವಳಿಗೆ ಎಣ್ಣೆ ಒತ್ತಿ ನೀರ್ ಉಯ್ದಿದೀನಿ, ಕಡೇ ನೀರೂ ನಾನೇ ಉಯ್ದೆ. ಆ ಮೈಮ್ಯಾಲೆ ಒಂದ್ ಕಲೆ ಇರ್ನಿಲ್ಲ. ಎಲ್ ಸೈನ್ ಆಕ್ಬೇಕು ಏಳಿ."

ಅವರ ಮಗ ಒಳಗಿನಿಂದ ಬಂದು "ಸುಮ್ನಿರವ್ವ, ಬಾವುಟಕ್ಕೆ ಕರಿಯಲ್ಲ ಆಮೇಲೆ" ಎಂದ. "ಕರೀದಿದ್ರೆ ಮನೇಲಿರ್ತೀನಿ ಕಣ್ಲಾ" ಎಂದರು. ಅಷ್ಟೇ ಆದದ್ದು. ಗಂಡನಿಗೆ ಗಾಯವಾಗಿರಲಿಲ್ಲವೆಂದು ಹನೂರಿನಲ್ಲಿ ನೋಟರಿಯ ಮುಂದೆ ಪ್ರಮಾಣಪತ್ರ ಮಾಡಿಸಿದೆವು. ನಾನು ಸ್ಟಾಂಪ್ ಪ್ಯಾಡ್ ಮುಂದಕ್ಕೆ ಸರಿಸಿದಾಗ ಅವರು ಬೆರಳು ಒತ್ತಲಿಲ್ಲ. ಪೆನ್ನು ಕೇಳಿ ತೆಗೆದುಕೊಂಡು ಪೂರ್ತಿ ಹೆಸರು ಬರೆದರು.

ಧನಗೆರೆಗೆ ಹೋಗಿ ಮಹದೇವರಿಗೆ ಆ ಪ್ರಮಾಣಪತ್ರ ಓದಿದೆ. "ಆಯಮ್ಮನೇ ಬರ್ಕೊಟ್ರಾ?" ಎಂದು ಎರಡು ಸಲ ಕೇಳಿದರು. ಮತ್ತೆ ಬೇಡ ಎನ್ನಲಿಲ್ಲ.

ಆಮೇಲಿನದು ಕಾಯುವ ಕೆಲಸ. ಅಂದಿನ ಪ್ಲಟೂನ್ ಕಮಾಂಡರ್ ಕೇರಳದಲ್ಲಿದ್ದರು. ಅವರನ್ನು ಹುಡುಕಿ ಹೇಳಿಕೆ ತರಿಸಿದೆ. ಅಷ್ಟರಲ್ಲಿ ಕೊರೊನಾ ಬಂತು, ಕಚೇರಿಗಳು ಮುಚ್ಚಿದವು, ಫೈಲು ಎಲ್ಲೋ ಮಲಗಿತು. ನಾನು ತಿಂಗಳಿಗೊಂದು ಜ್ಞಾಪನಾ ಪತ್ರ ಬರೆದೆ. ಕಡೆಗೂ ಆದೇಶ ಬಂತು. ಧನಗೆರೆಯ ಮಹದೇವರ ದಾಖಲೆಯಲ್ಲಿ ಅಪಘಾತ ತೆಗೆದು 'ಯುದ್ಧಗಾಯ' ಎಂದು ತಿದ್ದಲಾಗಿದೆ. ಪರಾಕ್ರಮ ಪದಕಕ್ಕೆ ಅರ್ಹರು, ಪದಕ ಸಿದ್ಧವಾದಾಗ ಕಳಿಸಲಾಗುವುದು. ತಪ್ಪಾಗಿ ಕೊಟ್ಟ ಪದಕವನ್ನು ಹಿಂದಕ್ಕೆ ಪಡೆಯುವುದು.

ಮತ್ತೆ ಅಜ್ಜೀಪುರಕ್ಕೆ ಹೋದೆ. ದೊಡ್ಡತಾಯಮ್ಮ ಫ್ರೇಮ್ ಬಿಚ್ಚಿ, ಪದಕವನ್ನು ಸೆರಗಿನಲ್ಲಿ ಒರೆಸಿ ಕೈಗಿಟ್ಟರು. ರಸೀದಿ ಬರೆದುಕೊಟ್ಟೆ. ಅವರ ಗಂಡ ಮಾಡಿದ್ದಕ್ಕೆ ಏನಾದರೂ ಕೊಡಿಸಬಹುದೇ ಎಂದು ಆಗಲೇ ವಿಚಾರಿಸಿದ್ದೆ. ಹೊತ್ತುಕೊಂಡು ಬಂದವರಿಗೆ ಪದಕ ಸಿಗಬೇಕಾದರೆ ಅಂದೇ ಮೇಲಧಿಕಾರಿ ಶಿಫಾರಸು ಮಾಡಬೇಕಿತ್ತು, ಈಗ ಅವಧಿ ಮುಗಿದಿದೆ ಎಂದು ದಾಖಲೆ ಕಚೇರಿಯವರು ಹೇಳಿದ್ದರು. ಅದನ್ನು ಅವರಿಗೆ ಹೇಳಿದಾಗ "ಸರಿ ಬುಡಿ" ಎಂದರು. ದಾಖಲೆ ಕಚೇರಿಗೆ ಕಳಿಸಬೇಕಾದ ಆ ಪದಕ ಹಿಂದಿರುಗುವ ಬಸ್ಸಿನಲ್ಲಿ ನನ್ನ ಅಂಗಿಯ ಜೇಬಿನಲ್ಲಿತ್ತು. ದುಃಖವೂ ಆಗಲಿಲ್ಲ, ನ್ಯಾಯ ದೊರಕಿಸಿದೆ ಎನ್ನುವ ಹೆಮ್ಮೆಯೂ ಆಗಲಿಲ್ಲ. ಕಾಲು ಮರಗಟ್ಟಿದಾಗ ಚಿವುಟಿದರೂ ತಿಳಿಯುವುದಿಲ್ಲವಲ್ಲ, ಹಾಗಿತ್ತು.

ಮಹದೇವರೂ ಆದೇಶವನ್ನು ಓದಿ, ಮಡಿಸಿ, ಎಕ್ಸ್-ರೇ ಕವರಿನೊಳಗೆ ಇಟ್ಟುಕೊಂಡು "ಆಯ್ತು ಸಾ" ಎಂದಷ್ಟೇ ಹೇಳಿದರು. ಊರಿನವರಿಗೆ ತೋರಿಸಿದಿರಾ ಎಂದು ಇನ್ನೊಮ್ಮೆ ಸಿಕ್ಕಾಗ ಕೇಳಿದೆ. "ಯಾರ್ಗ್ ತೋರ್ಸದು ಸಾ, ಇಂಗ್ಲಿಷಲ್ಲಿ ಅದೆ" ಎಂದರು.

ಪದಕ ಬರುವ ಮುಂಚೆಯೇ ಅವರು ತೀರಿಕೊಂಡರು. ಧನಗೆರೆಯ ಮಾಜಿ ಸೈನಿಕರೊಬ್ಬರು ಬೆಳಿಗ್ಗೆ ಫೋನ್ ಮಾಡಿ "ಸಾ, ಲಾರಿ ಮಾದೇವಣ್ಣ ಓಗ್ಬುಟ್ರು" ಎಂದರು. ನಾನು ಅಜ್ಜೀಪುರಕ್ಕೆ ಫೋನಿನಲ್ಲಿ ಸುದ್ದಿ ಮುಟ್ಟಿಸಿ, ಒಂದು ಹೂಹಾರ ಹಿಡಿದು ಹೊರಟೆ.

ಮನೆಯ ಮುಂದೆ ಹಂದರದ ಕೆಳಗೆ ಮಲಗಿಸಿದ್ದರು. ಎತ್ತುವ ಹೊತ್ತಿಗೆ ದೊಡ್ಡತಾಯಮ್ಮ ಮಗನ ಬೈಕಿನಿಂದ ಇಳಿದು ಬಂದರು. ಸೀದಾ ಹೋಗಿ ಕಾಲ ಬಳಿ ನಿಂತರು. ಯಾರಿಗೂ ಅವರ ಗುರುತಿಲ್ಲ. ಊರಿನ ಹಿರಿಯರೊಬ್ಬರು ಮೆಲ್ಲಗೆ ಕೇಳಿದರು.

"ಯಾವೂರವ್ವ? ಲಾರಿ ಮಾದೇವಂಗೆ ಏನಾಗ್ಬೇಕು ನೀವು?"

"ಅಜ್ಜೀಪುರ ಕಣಪ್ಪ. ಲಾರಿಯಿಂದ ಬಿದ್ದೋರಲ್ಲ ಇವ್ರು. ಬಾಂಬು ಸಿಡಿದದ್ದು ಇವ್ರ್ ಕಾಲ್ಗೆ. ಆ ಗಾಯದ ಬಿಲ್ಲೆ ಅಷ್ಟ್ ವರ್ಸ ನಮ್ಮನೇಲಿತ್ತು. ಅದ್ಕೇ ಬಂದೆ."

ದನಿ ಎತ್ತರಿಸಿರಲಿಲ್ಲ. ಆದರೆ ಹಂದರದ ಕೆಳಗಿದ್ದವರೆಲ್ಲ ಕೇಳಿಸಿಕೊಂಡರು. ಆಗ ನನಗೆ, ಅಷ್ಟು ದಿನದಲ್ಲಿ ಮೊದಲ ಸಲ, ಅಳು ಬಂತು.

ಸೇವಾ ದಾಖಲೆಯಲ್ಲಿ ಒಂದು ಸಾಲನ್ನು ಹೇಗೆ ತಿದ್ದಿಸಬೇಕೆಂದು ನಾನು ಬಲ್ಲೆ, ಮೂವತ್ತು ವರ್ಷ ಅದೇ ಮಾಡಿದವನು. ತಿದ್ದಿದ ಸಾಲನ್ನು ಆ ಮನುಷ್ಯನ ಊರಿನಲ್ಲಿ, ಆ ಊರಿನ ಮಾತಿನಲ್ಲಿ, ಯಾರಾದರೂ ನಿಂತು ಹೇಳಬೇಕು ಎಂಬುದನ್ನು ಆ ತಾಯಿಯಿಂದ ಕಲಿತೆ. ಆಮೇಲೆ ನನ್ನ ಕೈಗೆ ಬಂದ ಪ್ರತಿಯೊಂದು ಆದೇಶವನ್ನೂ ಅವರವರ ಊರಿಗೇ ಹೋಗಿ, ಅರಳಿಕಟ್ಟೆಯ ಮುಂದೆ ನಾಲ್ಕು ಜನರನ್ನು ಕೂರಿಸಿಕೊಂಡು, ಕನ್ನಡದಲ್ಲಿ ಓದಿದೆ. ಆದೇಶ ಯಾರದೋ ಅವರು ಬದುಕಿರುವಾಗಲೇ.