ಕೋವಿ ಅಂಗಡಿಯ ಸುಗಂಧಿಯಕ್ಕ

ನಾನು ಯಾವ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ ಎಂದು ಹೇಳುವುದಿಲ್ಲ. ಪಿಂಚಣಿ ಬರುತ್ತಾ ಇದೆ, ಬರುತ್ತಾ ಇರಲಿ. ಹೆಸರು ಜನಾರ್ದನ ಭಟ್ಟ, ಕೋವಿ ಪರವಾನಿಗೆಗಳ ಕಡತ ನೋಡಿಕೊಳ್ಳುತ್ತಿದ್ದೆ, ಜೀವಮಾನದಲ್ಲಿ ಒಂದು ಕೋವಿಯನ್ನೂ ಹಾರಿಸಿದವನಲ್ಲ. ನನ್ನ ಬಗ್ಗೆ ಇಷ್ಟು ಸಾಕು. ಹೇಳಹೊರಟದ್ದು ಕಾರ್ಕಳದಲ್ಲಿ ಕೋವಿ ಅಂಗಡಿ ನಡೆಸುತ್ತಿದ್ದ ಸುಗಂಧಿಯಕ್ಕನ ವಿಷಯ. ನೆನಪಾದಾಗಲೆಲ್ಲ ನನಗೆ ಈಗಲೂ ಸಿಟ್ಟು ಬರುತ್ತದೆ. ಅವರ ಮೇಲಲ್ಲ.

ಸುಗಂಧಿಯಕ್ಕನನ್ನು ಕಾಪುವಿಗೆ ಮದುವೆ ಮಾಡಿ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಅಣ್ಣ ಮುದ್ದಣ್ಣ ಶೆಟ್ಟರ ಮನೆಗೆ ಬಂದರು. ಮುದ್ದಣ್ಣ ಶೆಟ್ಟರದ್ದು ಕಾರ್ಕಳದ ಪೇಟೆಯಲ್ಲಿ ಕೋವಿ ಅಂಗಡಿ. ಹಂದಿ, ಮಂಗಗಳಿಂದ ಬೆಳೆ ಉಳಿಸಿಕೊಳ್ಳಬೇಕಾದ ಸುತ್ತಲಿನ ಹಳ್ಳಿಯವರೆಲ್ಲ ತೋಟೆಗೆ, ಅಂದರೆ ಕಾಡತೂಸಿಗೆ, ಕೇಪಿಗೆ, ಚರೆಗೆ, ರಿಪೇರಿಗೆ ಅಲ್ಲಿಗೇ ಬರಬೇಕು. ಸಕ್ಕರೆ ಕಾಯಿಲೆಯಿಂದ ಅಣ್ಣನ ಕಣ್ಣು ಮಂಜಾದಾಗ ರಿಜಿಸ್ಟರ್ ಬರೆಯಲು ಕುಳಿತವರು ತಂಗಿ. ಹತ್ತು ವರ್ಷ ಬರೆದರು. ಯಾವ ಕೋವಿಯ ನಂಬರ್ ಎಷ್ಟು, ಯಾರ ಪರವಾನಿಗೆಯಲ್ಲಿ ವರ್ಷಕ್ಕೆ ಎಷ್ಟು ತೋಟೆ ಎಂದು ಕೇಳಿದರೆ ಪುಸ್ತಕ ತೆರೆಯದೆ ಹೇಳುತ್ತಿದ್ದರು.

೧೯೭೯ರ ಆಟಿ ತಿಂಗಳ ಮಳೆಯಲ್ಲಿ ಮುದ್ದಣ್ಣ ಶೆಟ್ಟರು ತೀರಿಕೊಂಡರು. ಉತ್ತರಕ್ರಿಯೆಯ ಬೊಜ್ಜ ಮುಗಿಯುವ ತನಕವೂ ಸುಗಂಧಿಯಕ್ಕ ಕಾಯಲಿಲ್ಲ. ಮರುದಿನವೇ ಅಂಗಡಿಗೆ ಬೀಗ ಹಾಕಿದರು, ಇದ್ದ ಕೋವಿಗಳ ಪಟ್ಟಿ ಮಾಡಿ ಪೊಲೀಸ್ ಠಾಣೆಗೆ ಒಪ್ಪಿಸಿದರು, ಮನೆಯ ಗೋಡೆಯಲ್ಲಿದ್ದ ಅಣ್ಣನ ಸ್ವಂತ ಕೋವಿಯನ್ನೂ ಅದರ ಜೊತೆಗೆ ಕೊಟ್ಟು ರಶೀದಿ ತೆಗೆದುಕೊಂಡರು. ಊರಿನವರು ಮೂಗಿನ ಮೇಲೆ ಬೆರಳಿಟ್ಟರು. ಯಜಮಾನ ಸತ್ತರೆ ಅವನ ಕೋವಿ ಮನೆಯಲ್ಲಿ ಇರುತ್ತದೆ, ಅಳಿಯ, ಅಂದರೆ ಅಕ್ಕತಂಗಿಯರ ಮಗ, ಹಿಡಿಯುತ್ತಾನೆ. ನಮ್ಮ ಕಡೆ ಅಳಿಯಸಂತಾನದ ಮನೆಗಳಲ್ಲಿ ನಡೆದು ಬಂದದ್ದು ಹಾಗೆ. ಪರವಾನಿಗೆಯಲ್ಲಿ ಸತ್ತವನ ಹೆಸರು ಹತ್ತು ವರ್ಷ ಬದುಕಿರುತ್ತದೆ, ಯಾರೂ ಕೇಳುವುದಿಲ್ಲ.

ಬೊಂಬಾಯಿಯಲ್ಲಿದ್ದ, ಇನ್ನೊಬ್ಬ ತಂಗಿಯ ಮಗನಾದ ಅಳಿಯನ ಹೆಸರಿಗೆ ಅಂಗಡಿ ಮಾಡಿಸು ಎಂದು ನೆಂಟರೆಲ್ಲ ಹೇಳಿದರು. ಅವರು ತಮ್ಮ ಹೆಸರಿಗೇ ಅರ್ಜಿ ಹಾಕಿದರು. ಅರ್ಜಿ ತಂದುಕೊಟ್ಟದ್ದು ನನ್ನ ಮೇಜಿಗೆ. ನಾನು ದೊಡ್ಡ ಮನುಷ್ಯನ ಹಾಗೆ ಹೇಳಿದೆ:

"ಹೆಂಗಸರಿಗೆ ಇದೆಲ್ಲ ಆಗ್ಲಿಕ್ಕಿಲ್ಲ ಅಕ್ಕ."

"ಯಾವ ನಿಯಮದಲ್ಲಿ ಉಂಟು ಭಟ್ರೆ? ತೋರ್ಸಿ, ನಾನು ಮನೆಗೆ ಹೋಗ್ತೇನೆ."

ಹುಡುಕಿದೆ. ಇರಲಿಲ್ಲ. ಹನ್ನೊಂದು ತಿಂಗಳು ಅವರು ಬಸ್ಸಿನಲ್ಲಿ ಓಡಾಡಿದರು. ಇಂದು ಬನ್ನಿ ಎಂದರೆ ಬಂದರು, ನಾಳೆ ಬನ್ನಿ ಎಂದರೂ ಬಂದರು, ಬೆಂಚಿನಲ್ಲಿ ಕೂತು ನಮ್ಮೆಲ್ಲರನ್ನೂ ನೋಡುತ್ತಿದ್ದರು. ಆ ನೋಟ ತಡೆಯಲಾಗದೆಯೇ ಕಡತ ಮುಂದಕ್ಕೆ ಹೋಯಿತು ಎಂದು ನನ್ನ ಅಂದಾಜು. ೧೯೮೦ರಲ್ಲಿ ಪರವಾನಿಗೆ ಬಂತು. ಹಸಿರು ಬಣ್ಣದ ಹಳೆಯ ಬೋರ್ಡಿನ ಕೆಳಗೆ ಅಂಗಡಿ ಬಾಗಿಲು ತೆರೆಯಿತು. ಜನ ಮಾತ್ರ ಅದನ್ನು ಮೊದಲಿನ ಹಾಗೆ ಮುದ್ದಣ್ಣನ ಅಂಗಡಿ ಎಂದೇ ಕರೆಯುತ್ತಿದ್ದರು.

ಎರಡು ವರ್ಷದ ನಂತರ ಮೇಲಿನಿಂದ ಇಂಗ್ಲಿಷಿನಲ್ಲಿ ಒಂದು ಸುತ್ತೋಲೆ ಬಂತು. ಕೋವಿ ವ್ಯಾಪಾರಿಗಳು ಗೊತ್ತಿಲ್ಲದೆ ಕಾನೂನು ತಪ್ಪುತ್ತಾರೆ, ಏನು ಮಾಡಬೇಕು ಏನು ಮಾಡಬಾರದು ಎಂದು ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳಿ ಎಂದು. ಕನ್ನಡ ಮಾಡುವ ಕೆಲಸ ನನ್ನ ತಲೆಗೆ ಬಂತು. ಹದಿನೇಳು ಸೂಚನೆಗಳು. ಅದರಲ್ಲಿ ಒಂಬತ್ತನೆಯದು ಹೀಗಿತ್ತು: "ಠೇವಣಿ ಇಟ್ಟ ಪರವಾನಿಗೆದಾರನು ಮೃತಪಟ್ಟಲ್ಲಿ, ವಾರಸುದಾರನು ತನ್ನ ಹೆಸರಿನಲ್ಲಿ ಪರವಾನಿಗೆ ಪಡೆದು ತರುವ ತನಕ ಬಂದೂಕನ್ನು ಯಾವ ಕಾರಣಕ್ಕೂ ಹಿಂದಿರುಗಿಸತಕ್ಕದ್ದಲ್ಲ." ಆ 'ಯಾವ ಕಾರಣಕ್ಕೂ' ಇಂಗ್ಲಿಷಿನಲ್ಲಿ ಇರಲಿಲ್ಲ. ಸ್ವಲ್ಪ ಗತ್ತಿರಲಿ ಎಂದು ನಾನೇ ಸೇರಿಸಿದ್ದು. ಸೈಕ್ಲೋಸ್ಟೈಲ್ ಮಾಡಿ ಹಂಚಿದೆವು. ನಾನು ಕಂಡ ಹಾಗೆ ಒಬ್ಬ ವ್ಯಾಪಾರಿ ಅದನ್ನು ಎಣ್ಣೆ ಒರೆಸಲು ಬಳಸಿದ. ಸುಗಂಧಿಯಕ್ಕ ಕಂದು ಕಾಗದದ ಹೊದಿಕೆ ಹಾಕಿ, ಗಲ್ಲೆಯ ಪಕ್ಕದ ಮೊಳೆಗೆ ತೂಗುಹಾಕಿದರು. ಪ್ರತಿ ಸಂಕ್ರಮಣಕ್ಕೆ ಒಂದರಿಂದ ಹದಿನೇಳರವರೆಗೆ ಗಟ್ಟಿಯಾಗಿ ಓದುತ್ತಿದ್ದರು. ನಾನು ಬರೆದದ್ದನ್ನು ಇಷ್ಟು ಭಕ್ತಿಯಿಂದ ಓದಿದವರು ಬೇರೆ ಯಾರೂ ಇಲ್ಲ, ನನ್ನ ಹೆಂಡತಿಯೂ ಸೇರಿ.

೧೯೮೩ರ ಜನವರಿಯಲ್ಲಿ ಚುನಾವಣೆ. ಚುನಾವಣೆ ಎಂದರೆ ನಮ್ಮ ಕಡೆ ಮೊದಲು ಆಗುವುದು ಕೋವಿಗಳ ಠೇವಣಿ. ಪರವಾನಿಗೆ ಇದ್ದವರೆಲ್ಲ ಕೋವಿಯನ್ನು ಠಾಣೆಗೋ ಅಂಗಡಿಗೋ ಒಪ್ಪಿಸಬೇಕು. ಗದ್ದೆಯಲ್ಲಿ ಸುಗ್ಗಿ ಬೆಳೆ, ಹಂದಿಗಳಿಗೆ ಮತದಾನದ ಗೊಡವೆ ಇಲ್ಲ. ಡಬ್ಬಿ ಬಡಿದು ಬಡಿದು ಕೈ ಸೋತ ರೈತರ ಬೈಗುಳ ಕೇಳುವುದು ಸುಗಂಧಿಯಕ್ಕನ ಪಾಲಿಗೆ. ಅವರು ಕೇಳಿಸಿಕೊಳ್ಳುತ್ತಲೇ ಒಂದೊಂದು ಕೋವಿಗೂ ರಟ್ಟಿನ ಚೀಟಿ ಕಟ್ಟಿ, ಹೆಸರು ನಂಬರ್ ಬರೆದು, ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿ ಸರಪಳಿ ಹಾಕುತ್ತಿದ್ದರು.

ಪಡುಕೋಡಿ ಗುತ್ತು ಎಂಬ ಹಳೆಯ ದೊಡ್ಡ ಮನೆತನದ ಯಜಮಾನರಾದ ದೇವದಾಸ ಹೆಗ್ಡೆಯವರು ತಮ್ಮ ಜೋಡಿನಳಿಗೆ ಕೋವಿಯನ್ನು ಜೀಪಿನಲ್ಲಿ ತಂದು ಕೊಟ್ಟುಹೋದರು. ಮತ ಎಣಿಕೆ ಮುಗಿಯುವಷ್ಟರಲ್ಲಿ ಹೆಗ್ಡೆಯವರೇ ಇರಲಿಲ್ಲ. ಮುಂದಿನ ಯಜಮಾನ ಅವರ ತಂಗಿಯ ಮಗ ಲೀಲಾಧರ ಹೆಗ್ಡೆ. ಮಾರ್ಚ್ ಮೊದಲ ವಾರದಲ್ಲಿ ಗಡಿ ಹಿಡಿಯುವ ದಿನ, ಅಂದರೆ ಗುತ್ತಿನ ಯಜಮಾನಿಕೆ ವಹಿಸಿಕೊಳ್ಳುವ ದಿನ, ನಿಶ್ಚಯವಾಯಿತು. ಆ ಗುತ್ತಿನಲ್ಲಿ ಒಂದು ರೂಢಿ ಇತ್ತು: ಹೊಸ ಯಜಮಾನ ಚಾವಡಿಯಿಂದ ಇಳಿದು, ಹಿಂದಿನವನ ಕೋವಿಯಿಂದ ಆಕಾಶಕ್ಕೆ ಎರಡು ಈಡು ಹಾರಿಸಬೇಕು. ಊರಿಗೆ ಊರೇ ಕೇಳಬೇಕು.

ಲೀಲಾಧರ ಹೆಗ್ಡೆ ಮಾವನ ರಶೀದಿ, ಮಾವನ ಪರವಾನಿಗೆ ಹಿಡಿದು ಅಂಗಡಿಗೆ ಬಂದ. ಸುಗಂಧಿಯಕ್ಕ ಎರಡನ್ನೂ ನೋಡಿ ಹಿಂದೆ ಕೊಟ್ಟರು. ಅವರ ಮನೆಮಾತು ತುಳು. ಸರ್ಕಾರದ ವಿಷಯ ಬಂದರೆ ಮಾತ್ರ ಕನ್ನಡಕ್ಕೆ ಹೊರಳುತ್ತಿದ್ದರು, ಆಗ ಜಪ್ಪಯ್ಯ ಎಂದರೂ ಜಗ್ಗುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

"ಇದು ನಿಮ್ಮ ಮಾವನ ಹೆಸರಿನಲ್ಲಿ ಉಂಟು. ನಿಮ್ಮ ಹೆಸರಿನಲ್ಲಿ ಮಾಡಿಸಿ ತನ್ನಿ, ಕೊಡ್ತೇನೆ. ಅರ್ಜಿ ನಾನೇ ತುಂಬಿಸಿದ್ದೇನೆ, ಸಹಿ ಒಂದು ಹಾಕಿ."

"ನನ್ನ ಮನೆಯ ಕೋವಿಗೆ ನಾನು ಅರ್ಜಿ ಹಾಕುದಾ? ಎಂತ ಮಾತಾಡ್ತೀರಿ ಅಕ್ಕ?"

"ಕೋವಿ ಮನೆಯದ್ದೇ. ಪರವಾನಿಗೆ ಮನುಷ್ಯನದ್ದು. ಆ ಮನುಷ್ಯ ಈಗ ಇಲ್ಲ."

ಆತ ಅರ್ಜಿಯನ್ನು ಅಲ್ಲೇ ಬಿಸಾಡಿ ಹೋದ. ಹೋದದ್ದು ನಮ್ಮ ಸಾಹೇಬರ ಮನೆಗೆ. ಮರುದಿನ ಸಾಹೇಬರು ನನ್ನನ್ನು ಅಂಗಡಿಗೆ ಕಳಿಸಿದರು, ಒಂದು ದಿನದ ಮಟ್ಟಿಗೆ ಕೊಡಲು ಹೇಳು ಎಂದು. ಕಾಗದ ಗೀಗದ ಇಲ್ಲ, ಬಾಯಿಮಾತು. ನಾನು ಹೋಗಿ ಹಲ್ಲು ಕಿರಿದು ಹೇಳಿದೆ. ಸುಗಂಧಿಯಕ್ಕ ಮೊಳೆಯಿಂದ ಸುತ್ತೋಲೆ ತೆಗೆದು ಒಂಬತ್ತನೆಯದನ್ನು ನನ್ನ ಮುಖಕ್ಕೇ ಓದಿದರು.

"ಇದು ಬರ್ದದ್ದು ನೀವೇ ಅಲ್ವಾ? ಯಾವ ಕಾರಣಕ್ಕೂ ಅಂತ ಉಂಟು. ಗಡಿ ಹಿಡಿಯುದು ಒಂದು ಕಾರಣವಾ, ಅಲ್ಲವಾ?"

"ಕಾರಣವೇ. ಆದ್ರೆ ಸಾಹೇಬ್ರು…"

"ಸಾಹೇಬ್ರು ಬರೆದು ಕೊಡ್ಲಿ. ಬರೆದು ಸಹಿ ಹಾಕಿ ಮೊಹರು ಒತ್ತಿ ಕೊಡ್ಲಿ. ಅಣ್ಣನ ಕೋವಿಯನ್ನೇ ನಾನು ಇಟ್ಕೊಳ್ಳಲಿಲ್ಲ ಭಟ್ರೆ. ಇವರ ಮಾವನದ್ದನ್ನು ಹೇಗೆ ಕೊಡುದು?"

ಸಾಹೇಬರು ಬರೆದು ಕೊಡುವಷ್ಟು ದಡ್ಡರಲ್ಲ. ಬದಲಿಗೆ, ಗಡಿಗೆ ಇನ್ನು ಎರಡು ದಿನ ಇರುವಾಗ, ಬೆಳಿಗ್ಗೆಯೇ ನನ್ನನ್ನು ಕರೆದು ಬಾಗಿಲು ಹಾಕಿಸಿದರು. ಆ ತಿಂಗಳ ಕೊನೆಗೆ ಸುಗಂಧಿಯಕ್ಕನ ಪರವಾನಿಗೆಯ ನವೀಕರಣ ಆಗಬೇಕಿತ್ತು. ಅಂಗಡಿ ತಪಾಸಣೆ ಮಾಡು, ಒಂದಾದರೂ ತಪ್ಪು ಹಿಡಿದು ಇವತ್ತೇ ವರದಿ ಕೊಡು, ನವೀಕರಣ ನಿಲ್ಲಿಸಿ ಠೇವಣಿಗಳನ್ನೆಲ್ಲ ಅಲ್ಲಿಂದ ಎತ್ತಿಸುವ, ಆಮೇಲೆ ಯಾರಿಗೆ ಕೊಡುವುದು ಎಂದು ನಾನು ನೋಡಿಕೊಳ್ಳುತ್ತೇನೆ ಎಂದರು. ಹನ್ನೊಂದು ತಿಂಗಳು ಬೆಂಚಿನಲ್ಲಿ ಕೂತು ಪಡೆದ ಪರವಾನಿಗೆ. ಅದನ್ನು ಮುಗಿಸಲು ನನ್ನ ಒಂದು ಸಾಲು ಸಾಕಿತ್ತು. ಆಗಲಿ ಸಾರ್ ಎಂದೆ. ಎಂದೆನಲ್ಲ, ಅದಕ್ಕೇ ಈಗಲೂ ಸಿಟ್ಟು.

ಅದೇ ದಿನ ಹತ್ತಕ್ಕೆ ಅಂಗಡಿಗೆ ಹೋದೆ. ಎದುರಿನ ಮಾವಿನ ಮರದ ನೆರಳಲ್ಲಿ ಜೀಪು ನಿಲ್ಲಿಸಿಕೊಂಡು ಲೀಲಾಧರ ಹೆಗ್ಡೆ ಆಗಲೇ ಕೂತಿದ್ದ. ನಾನು ರಿಜಿಸ್ಟರ್ ನೋಡಿದೆ, ತೋಟೆಯ ಪೆಟ್ಟಿಗೆಗಳನ್ನು ನೋಡಿದೆ, ಪ್ರತಿ ಕೋವಿಯ ನಂಬರನ್ನು ಚೀಟಿಯ ಜೊತೆ ಹೋಲಿಸಿದೆ. ಬೀಗ, ಸರಪಳಿ, ಕಪಾಟಿನ ಕೀಲಿ ಎಲ್ಲ ನೋಡಿದೆ. ಒಂದು ಅಕ್ಷರ ತಪ್ಪಿಲ್ಲ. ನಮ್ಮ ಕಚೇರಿಯ ಯಾವ ರಿಜಿಸ್ಟರೂ ಹಾಗಿರಲಿಲ್ಲ, ಈ ಮಾತನ್ನು ಪ್ರಮಾಣ ಮಾಡಿ ಹೇಳಬಲ್ಲೆ. ಮನಸ್ಸು ಹಗುರಾಯಿತು. ಮೆಟ್ಟಿಲಿಳಿದು ಚಪ್ಪಲಿ ಮೆಟ್ಟುತ್ತಾ ತಲೆ ಎತ್ತಿದೆ.

ಹಸಿರು ಬೋರ್ಡಿನಲ್ಲಿ ಬಿಳಿ ಅಕ್ಷರ: 'ಮುದ್ದಣ್ಣ ಶೆಟ್ಟಿ, ಬಂದೂಕು ವ್ಯಾಪಾರಿ.'

ಎರಡನೆಯ ಸೂಚನೆ ನನ್ನದೇ ಕನ್ನಡದಲ್ಲಿ ನೆನಪಾಯಿತು. ಅಂಗಡಿಯ ಮುಂಭಾಗದ ಫಲಕದಲ್ಲಿ ಪರವಾನಿಗೆದಾರನ ಹೆಸರೇ ಇರತಕ್ಕದ್ದು. ಸತ್ತವನ ಹೆಸರಿನಲ್ಲಿ ವ್ಯಾಪಾರ! ಸಾಹೇಬರಿಗೆ ಇದಕ್ಕಿಂತ ಹೆಚ್ಚಿನದು ಬೇಕಾಗಿರಲಿಲ್ಲ. ಆ ಬೋರ್ಡನ್ನು ಎಷ್ಟೋ ಸಲ ನೋಡಿದ್ದೆ, ಒಮ್ಮೆಯೂ ಓದಿರಲಿಲ್ಲ. ನನ್ನ ಕತ್ತು ಮೇಲೆಯೇ ನಿಂತದ್ದು ಕಂಡು ಸುಗಂಧಿಯಕ್ಕ ಹೊರಗೆ ಬಂದರು. ಕೇಳಲಿಲ್ಲ. ಅವರಿಗೆ ಗೊತ್ತಾಯಿತು.

"ನಿಮಗೆ ಕಂಡಿರ್ಲಿಲ್ವಾ ಅಕ್ಕ?"

"ಕಂಡಿತ್ತು." ಅವರು ಸುಳ್ಳು ಹೇಳಲಿಲ್ಲ. "ಪ್ರತಿ ತಿಂಗಳೂ ಓದ್ತೇನಲ್ಲ. ಎರಡನೆಯದ್ದು ಬಂದಾಗ ಬಾಯಿ ಓದ್ತದೆ, ಕಣ್ಣು ಮೂರಕ್ಕೆ ಹೋಗ್ತದೆ. ಅಣ್ಣನೇ ಬರ್ಸಿದ ಬೋರ್ಡು ಅದು."

ನಾನು ವರದಿಯ ಹಾಳೆ ಹೊರತೆಗೆದು ಪೆನ್ನಿನ ಟೊಪ್ಪಿ ಬಿಚ್ಚಿದೆ.

"ಬರೀರಿ ಭಟ್ರೆ. ತಪ್ಪು ತಪ್ಪೇ. ನಿಮ್ಮ ಕೆಲ್ಸ ನೀವು ಮಾಡಿ. ನನ್ನದ್ದು ನಾನು ಮಾಡ್ತೇನೆ."

ಅವರು ನೇರ ಪಕ್ಕದ ಬೆಂಜಮಿನನ ಸೈಕಲ್ ಅಂಗಡಿಗೆ ಹೋಗಿ ಒಂದು ಡಬ್ಬಿ ಹಸಿರು ಬಣ್ಣ, ಒಂದು ಡಬ್ಬಿ ಬಿಳಿ, ಬ್ರಶ್ ತಂದರು. ತಾನೇ ಬರೆದುಕೊಡುತ್ತೇನೆ ಎಂದು ಬೆಂಜಮಿನ್ ಹಿಂದೆಯೇ ಓಡಿ ಬಂದ. ಬೇಡ ಎಂದರು. ಸ್ಟೂಲು ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಐವತ್ತು ದಾಟಿದ ಹೆಂಗಸು ಪೇಟೆಯ ನಡುವೆ ಮೇಲೆ ಹತ್ತಿ ನಿಂತರು. 'ಮು' ಎಂಬಲ್ಲಿ ಬ್ರಶ್ ಸ್ವಲ್ಪ ನಿಂತಿತು. ಮತ್ತೆ ಅಕ್ಷರದ ಮೇಲೆ ಹಸಿರು ಎಳೆದರು. ಅತ್ತರು, ಯಾರಿಂದಲೂ ಮುಖ ಮರೆಸದೆ ಅತ್ತರು, ಕೈ ಮಾತ್ರ ನಿಲ್ಲಿಸಲಿಲ್ಲ. ಅಣ್ಣ ಎರಡನೇ ಸಲ ಸತ್ತ ಹಾಗೆ ಅವರಿಗೆ ಆಗಿರಬೇಕು.

ಹಸಿರು ಒಣಗದೆ ಅದರ ಮೇಲೆ ಬಿಳಿ ಅಕ್ಷರ ಬರೆಯಲಾಗುವುದಿಲ್ಲ. ಆಗ ನಾನು ನನ್ನ ಮೂವತ್ತು ವರ್ಷದ ನೌಕರಿಯಲ್ಲಿ ಮಾಡಿದ ಒಂದೇ ಒಂದು ಧೈರ್ಯದ ಕೆಲಸ ಮಾಡಿದೆ. ಮೆಟ್ಟಿಲ ಮೇಲೆ ಕೂತೆ. ವರದಿಯ ಹಾಳೆಯನ್ನು ತೊಡೆಯ ಮೇಲೆ ಬಿಡಿಸಿಟ್ಟು, ಪೆನ್ನಿಗೆ ಟೊಪ್ಪಿ ಹಾಕಿದೆ.

ಹನ್ನೆರಡಾಯಿತು, ಒಂದಾಯಿತು. ಲೀಲಾಧರ ಹೆಗ್ಡೆ ಜೀಪಿನಿಂದ ಕೂಗಿದ:

"ಎಂತ ಭಟ್ರೆ, ಇನ್ನೂ ಆಗ್ಲಿಲ್ವಾ?"

"ತಪಾಸಣೆ ನಡೀತಾ ಉಂಟು."

"ಎಂತ ತಪಾಸಣೆ ಮಾರಾಯ್ರೆ, ಕೂತುಕೊಂಡು?"

"ಕೂತುಕೊಂಡೇ ಮಾಡುದು."

ಮೂರು ಗಂಟೆಯ ಹೊತ್ತಿಗೆ ಸುಗಂಧಿಯಕ್ಕ ಬೆರಳಿನಿಂದ ಬಣ್ಣ ಮುಟ್ಟಿ ನೋಡಿ, ಮತ್ತೆ ಸ್ಟೂಲು ಹತ್ತಿದರು. ರಿಜಿಸ್ಟರಿನ ಅದೇ ಗುಂಡು ಅಕ್ಷರಗಳಲ್ಲಿ ಬರೆದರು: 'ಸುಗಂಧಿ ಶೆಡ್ತಿ, ಬಂದೂಕು ವ್ಯಾಪಾರಿ.' ಬೀದಿಯಲ್ಲಿ ಹೋಗುವವರು ನಿಂತು ಓದಿದರು. ನಾನು ಪೆನ್ನಿನ ಟೊಪ್ಪಿ ತೆಗೆದು ಬರೆದೆ: ಫಲಕದಲ್ಲಿ ಪರವಾನಿಗೆದಾರರ ಹೆಸರು ಇದೆ. ನ್ಯೂನತೆಗಳು: ಯಾವುದೂ ಇಲ್ಲ. ವರದಿಯಲ್ಲಿ ಗಂಟೆ ಬರೆಯುವ ಕಾಲಂ ಇರಲಿಲ್ಲ. ಅದಕ್ಕೆ ನಾನೇನು ಮಾಡಲಿ?

ಸಾಹೇಬರು ಹಾಳೆಯನ್ನು ನನ್ನ ಎದೆಗೆ ಎಸೆದರು. ಆದರೆ ನವೀಕರಣ ನಿಲ್ಲಿಸಲು ಬರೆಯಬಹುದಾದ ಕಾರಣ ಒಂದೂ ಇರಲಿಲ್ಲ, ತಿಂಗಳ ಕೊನೆಗೆ ನವೀಕರಣ ಆಯಿತು. ಗುತ್ತಿನ ಗಡಿಯ ದಿನ ಕೋವಿಯ ಬದಲು ಎರಡು ಗರ್ನಾಲು ಪಟಾಕಿ ಸಿಡಿಸಿದರಂತೆ. ಊರಿಗೆ ಕೇಳಿತಂತೆ. ನನ್ನನ್ನು ಘಟ್ಟದ ಬುಡದ ಒಂದು ಮೂಲೆಗೆ ವರ್ಗ ಮಾಡಿದರು, ಮೂರು ಬಸ್ಸು ಬದಲಿಸಿ ಹೋಗಬೇಕು. ಹೋದೆ.

ಜೂನ್ ತಿಂಗಳ ಒಂದು ಶನಿವಾರ ಕಾರ್ಕಳದಲ್ಲಿ ಬಸ್ಸಿಳಿದವನು ಅಂಗಡಿಗೆ ಹೋಗಿ ಕೂತಿದ್ದೆ. ಲೀಲಾಧರ ಹೆಗ್ಡೆ ಒಳಗೆ ಬಂದ. ಜೀಪು ದೂರದಲ್ಲಿ ನಿಲ್ಲಿಸಿ ನಡೆದು ಬಂದಿದ್ದ. ಸ್ವಂತ ಹೆಸರಿನ ಹೊಸ ಪರವಾನಿಗೆಯನ್ನು ಗಲ್ಲೆಯ ಮೇಲಿಟ್ಟ.

"ನಾಲ್ಕು ತಿಂಗಳು ಓಡಾಡಿಸಿದ್ರಿ ನನ್ನನ್ನು."

"ನನಗೆ ಹನ್ನೊಂದು ಹಿಡ್ದಿತ್ತು," ಎಂದರು ಸುಗಂಧಿಯಕ್ಕ.

ನಂಬರ್ ಹೋಲಿಸಿದರು, ರಿಜಿಸ್ಟರಿನಲ್ಲಿ ಸಹಿ ಹಾಕಿಸಿದರು, ಸರಪಳಿ ಬಿಡಿಸಿ ಜೋಡಿನಳಿಗೆಯನ್ನು ತಂದರು. ಅದಕ್ಕೆ ಕಟ್ಟಿದ್ದ ಚೀಟಿಯಲ್ಲಿ ಇನ್ನೂ ದೇವದಾಸ ಹೆಗ್ಡೆಯವರ ಹೆಸರು. ಲೀಲಾಧರ ಅದನ್ನೇ ನೋಡುತ್ತಿದ್ದ. ದರ್ಪ ಎಲ್ಲ ಇಳಿದು ಹೋಗಿತ್ತು.

"ಅದು ಹಾಗೇ ಇರ್ಲಿ ಅಕ್ಕ. ಮಾವನ ಹೆಸ್ರು."

ಸುಗಂಧಿಯಕ್ಕ ಕತ್ತರಿ ತೆಗೆದು ಹುರಿ ಕತ್ತರಿಸಿದರು. ಚೀಟಿಯನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.

"ಇದನ್ನು ಮನೆಯಲ್ಲಿ ಇಟ್ಕೊಳ್ಳಿ," ಎಂದರು, ಈ ಸಲ ತುಳುವಿನಲ್ಲಿ. "ಅಣ್ಣನ ಹೆಸ್ರು ತೆಗೀಲಿಕ್ಕೆ ನನಗೂ ಮೂರು ವರ್ಷ ಆಗಿರ್ಲಿಲ್ಲ."