ಹಿತ್ತಲಿನ ಬಚ್ಚಲ ಮರ

ಕಳೆದ ಬುಧವಾರ ನಮ್ಮ ಮನೆಗೆ ಇಬ್ಬರು ಒಟ್ಟಿಗೆ ಬಂದರು. ಒಬ್ಬ ಮರ ಕಡಿಯುವ ಸಿದ್ದಣ್ಣ, ಇನ್ನೊಬ್ಬ ಪ್ಲಂಬರ್ ಮಂಜ. ಸಿದ್ದಣ್ಣನಿಗೆ ಹದಿನೈದು ದಿನ ಮುಂಚೆಯೇ ಹೇಳಿದ್ದೆವು. ಮಂಜನನ್ನು ಗಾಬರಿಯಲ್ಲಿ ಕರೆಸಿದ್ದು. ಅಂದು ಬೆಳಿಗ್ಗೆ ಬಾತ್‌ರೂಮಿನ ನೀರು ಹೊರಗೆ ಹೋಗದೆ ಪಾದ ಮುಳುಗುವಷ್ಟು ನಿಂತಿತ್ತು. (ಬುಧವಾರವೇ ಎಂದು ಆಣೆ ಮಾಡಲಾರೆ. ನನ್ನ ಗಂಡ ಶನಿವಾರ ಎನ್ನುತ್ತಾರೆ.)

ಮೊದಲು ಮರದ ವಿಷಯ. ನಮ್ಮದು ಬಿಳಿಗೆರೆ ಪಕ್ಕ. ತೋಟದ ತುಂಬ ತೆಂಗಿದ್ದರೂ ಮನೆಯಲ್ಲಿ ಹೆಸರಿರುವುದು ಒಂದಕ್ಕೇ: ಬಚ್ಚಲ ಮರ. ಎಲ್ಲರ ಸ್ನಾನದ ನೀರೂ ಹರಿಯುತ್ತಿದ್ದದ್ದು ಅದರ ಬುಡಕ್ಕೆ. ಗೊಬ್ಬರವಿಲ್ಲ, ಆರೈಕೆಯಿಲ್ಲ, ಆದರೂ ತೋಟದ ಮರಗಳು ನಾಚುವಷ್ಟು ಕಾಯಿ. ಅತ್ತೆಯ ಪ್ರಕಾರ ಅದನ್ನು ಮಾವ ತಮ್ಮ ಮದುವೆಯ ವರ್ಷ ನೆಟ್ಟರು. ಚಿಕ್ಕಮಾವನ ಪ್ರಕಾರ ಯಾರೂ ನೆಡಲಿಲ್ಲ, ಮರೆತ ಕಾಯೊಂದು ತಾನೇ ಮೊಳೆಯಿತು. ನಾನು ಎರಡನ್ನೂ ಪೂರ್ತಿ ನಂಬುವುದಿಲ್ಲ.

ಎರಡು ವರ್ಷದ ಹಿಂದೆ ಹಳೆಯ ಬಚ್ಚಲುಮನೆ ಕೆಡವಿ ಟೈಲ್ಸ್, ಗೀಸರ್, ಶವರ್ ಇರುವ ಬಾತ್‌ರೂಮ್ ಕಟ್ಟಿಸಿದೆವು. ಹಟ ನನ್ನದೇ. ಹೊಸದು ಮನೆಯ ಇನ್ನೊಂದು ಮೂಲೆಗೆ ಬಂತು. ನೀರು ನೆಲದೊಳಗಿನ ಪೈಪಿನಲ್ಲಿ ಸೀದಾ ಇಂಗುಗುಂಡಿಗೆ. ಮರಕ್ಕೆ ಹನಿಯೂ ಇಲ್ಲ.

ಕೆಲವೇ ತಿಂಗಳಲ್ಲಿ ಗೋಲಿಯಷ್ಟಿರುವಾಗಲೇ ಎಳೆಗಾಯಿಗಳು ಉದುರತೊಡಗಿದವು. ಆಮೇಲೆ ಗರಿಗಳು ಜೋತುಬಿದ್ದವು. ಅತ್ತೆ ಬಕೆಟ್ಟಿನಲ್ಲಿ ನೀರು ಹೊತ್ತರು. ಮಂಡಿ ಹಿಡಿದುಕೊಂಡಿತು, ಬಕೆಟ್ ನಿಂತಿತು. ಜೊತೆಗೆ ನನ್ನೊಡನೆ ಮಾತೂ ನಿಂತಿತು. ನಾನು ಎದುರಿಗೇ ಕೂತು ಕಾಫಿ ಕುಡಿಯುತ್ತಿದ್ದರೂ ಮಗನಿಗೆ ಹೇಳುವರು: "ನಿನ್ನೆಂಡ್ತಿಗೆ ಹೇಳಪ್ಪ, ಮರ ಒಣಗ್ತೈತೆ ಅಂತ. ಅವ್ಳು ಶವರ್‌ನಾಗೆ ಹಾಡೇಳ್ಕೊಂಡು ನಿಂತಿರ್ಲಿ."

(ನಾನು ಹಾಡುವುದಿಲ್ಲ. ಗುನುಗುತ್ತೇನೆ, ಅಷ್ಟೇ.)

ಕಾಯಿ ಇಲ್ಲವೆಂದು ಕೀಳುವವರು ಆ ಮರ ಹತ್ತುವುದನ್ನೇ ಬಿಟ್ಟರು. ಒಣಗರಿಗಳು ಇಳಿಬಿದ್ದು, ಕೆಳಗಿನಿಂದ ನೋಡಿದರೆ ಮರದ ತಲೆಯೇ ಕಾಣುತ್ತಿರಲಿಲ್ಲ. ಗಾಳಿಗೆ ಮುರಿದು ಹೆಂಚಿನ ಮೇಲೆ ಬಿದ್ದರೆ ಗತಿಯೇನು? ಕಡಿಸುವುದೆಂದು ತೀರ್ಮಾನವಾಯಿತು. ಅತ್ತೆ "ಹೂಂ" ಅಂದರು. ಗೋಡೆಗೆ.

ಸರಿ, ಆ ಬುಧವಾರ. (ಅಥವಾ ಶನಿವಾರ.) ಮಂಜ ಹಿತ್ತಲಲ್ಲಿ ನೆಲ ಅಗೆದು ಪೈಪಿನ ಜಾಯಿಂಟ್ ಬಿಚ್ಚಿದ. ಒಳಗೆ ಕೈ ಹಾಕಿ, "ಅಕ್ಕಾ, ಯಾರ್ದೋ ಜಡೆ ಸಿಗಾಕ್ಕೊಂಡೈತೆ!" ಎಂದು ಕೂಗಿದ. ಎಳೆದ. ಬರುತ್ತಲೇ ಇತ್ತು. ನನ್ನ ತೋಳಿನಷ್ಟು ಉದ್ದದ, ಕೆಂಪು ಕೆಂಪಾದ ಸಿಕ್ಕು.

"ಜಡೆ ಅಲ್ಲ ಕಣಕ್ಕ, ತೆಂಗಿನ ಬೇರು! ಜಾಯಿಂಟ್ ಸಂದಿನಾಗೆ ನುಗ್ಗಿ ನೀರು ಕುಡೀತಾ ಕೂತೈತೆ."

ಅಲ್ಲಿಂದ ಹತ್ತು ಹೆಜ್ಜೆ ದೂರದಲ್ಲಿದ್ದದ್ದು ಒಂದೇ ಮರ. ಸಿದ್ದಣ್ಣ ಕೊಡಲಿ ಸೊಂಟಕ್ಕೆ ಸಿಕ್ಕಿಸಿ, ಹಗ್ಗ ಕಟ್ಟಲು ಅದರ ಅರ್ಧಕ್ಕೆ ಏರಿದ್ದ. "ಕಡೀಬೇಡಿ, ಮೊದಲು ಸುಳಿ ನೋಡಿ!" ಎಂದು ಕೂಗಿದೆ. ಅವನು ಮೇಲೆ ಹೋಗಿ ಒಣಗರಿಗಳನ್ನು ಒಂದೊಂದೇ ಕಿತ್ತೆಸೆದ. ಅತ್ತೆ ಹಿತ್ತಲ ಬಾಗಿಲು ಹಿಡಿದು ನಿಂತಿದ್ದರು.

"ಯಾರ್ರೀ ಇದು ಸತ್ತೈತೆ ಅಂದೋರು? ಸುಳಿ ಹಸ್ರಾಗೈತೆ. ಎರಡು ಹೊಂಬಾಳೆ ಬಿಟ್ಟೈತೆ ಕಣ್ರೀ! ಏನ್ಮಾಡ್ಲಿ, ಕಡೀಲಾ?"

"ನಿನ್ ಮನೆ ಕಾಯೋಗ, ಮೊದ್ಲು ಆ ಕೊಡ್ಲಿ ಕೆಳಗಾಕು!" ಅತ್ತೆಯ ದನಿ ಪಕ್ಕದ ತೋಟಕ್ಕೂ ಕೇಳಿಸಿರಬೇಕು.

ನಾನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ಉಸ್ಸಪ್ಪಾ!

ಮರಕ್ಕೆ ಕಾಲಿಲ್ಲ, ಪಾಪ, ಎಂದು ನಾವು ಕನಿಕರಪಡುತ್ತಿದ್ದೆವು. ಅದು ಕಾಯಿ ಸಾಕುವುದನ್ನು ಬಿಟ್ಟು, ಬುಡಕ್ಕೆ ಬರುವುದು ನಿಂತ ನೀರು ಎಲ್ಲಿಗೆ ಹೋಯಿತೆಂದು ನೆಲದೊಳಗೇ ಹುಡುಕುತ್ತ ಹೊರಟಿತ್ತು. ಹೀಗೆ ಬರೆಯಲು ಚೆನ್ನಾಗಿದೆ. ಮರ ನಿಜಕ್ಕೂ ಹುಡುಕಿತೋ, ಬೇರು ಸುಮ್ಮನೆ ಬೆಳೆಯುತ್ತ ಹೋಗಿ ತೇವಕ್ಕೆ ತಗುಲಿತೋ, ನನಗೇನು ಗೊತ್ತು?

ಕಥೆಗಳಂತೂ ಆಗಲೇ ತಯಾರಾಗಿವೆ. ಅತ್ತೆಯ ಕಥೆಯಲ್ಲಿ ಮರ ಉಳಿದದ್ದು ಅವರ ಬಕೆಟ್ಟಿನಿಂದ, "ಅದು ಸಾಯಲ್ಲ ಅಂತ ನಾನು ಅವತ್ತೇ ಅಂದಿದ್ದೆ." (ಅಂದಿರಲಿಲ್ಲ.) ನನ್ನ ಕಥೆಯಲ್ಲಿ ನಾನು ಕೊಡಲಿಗೆ ಅಡ್ಡ ನಿಂತೆ. (ನಿಂತಿರಲಿಲ್ಲ. ಮೂಗು ಮುಚ್ಚಿಕೊಂಡು ಮಂಜ ಅಗೆದ ಗುಂಡಿಯ ಹತ್ತಿರ ನಿಂತಿದ್ದೆ.)

ಮಂಜನ ಸಲಹೆ ಸರಳವಾಗಿತ್ತು: "ಬೇರು ಕತ್ತರ್ಸಿ ಸಿಮೆಂಟ್ ಮೆತ್ತುಬುಡ್ತೀನಿ. ಇನ್ಮೇಲೆ ಒಳಿಕ್ಕೆ ಬರಾಕಾಗಲ್ಲ."

ಅಂದರೆ ಮರ ಮತ್ತೆ ಮೊದಲಿಂದ ಉಪವಾಸ ಕೂರಬೇಕೆ? ಸ್ನಾನದ ನೀರಿಗೆ ಬೇರೆ ಪೈಪ್ ಹಾಕಿ ಮರದ ಬುಡಕ್ಕೇ ಬಿಡು ಎಂದೆ.

"ಅಷ್ಟೇನಾ? ಕಟ್ಟಿಸ್ದಾಗ್ಲೇ ಹೇಳ್ಬೋದಿತ್ತಲ್ಲಕ್ಕ."

ಹೇಳಬಹುದಿತ್ತು. ಮೂರು ಡಿಗ್ರಿಗಳಿರುವ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಮರುದಿನ ಸಂಜೆಗೆ ಪೈಪ್ ಹಾಕಿ ಮುಗಿಸಿದ. ಈಗ ಎಲ್ಲ ಸರಿಹೋಗಿದೆ. ಅತ್ತೆ ನನ್ನೊಡನೆ ನೇರವಾಗಿಯೇ ಮಾತಾಡುತ್ತಾರೆ. ಇವತ್ತು ಬೆಳಿಗ್ಗೆ ಬಾತ್‌ರೂಮಿನ ಬಾಗಿಲು ಬಡಿದು ಹೇಳಿದರು: "ಇಷ್ಟು ಬೇಗ ಆಗೋಯ್ತೇನೇ? ಇನ್ನೆರಡು ಬಕೆಟ್ ಹುಯ್ಕೊ. ಮರಕ್ಕೆ ಸಾಲಕಿಲ್ಲ."

ಈಗ ನೀವೇ ಹೇಳಿ, ನಾನು ಮಾಡುತ್ತಿರುವುದು ಸ್ನಾನವೋ, ನೀರಾವರಿಯೋ?